ಟಿ.ಸಿ. ಬಂದ ಮೇಲೆ ಮಲಕಾಜಪ್ಪನ ಮರೆವು

ಬನಹಟ್ಟಿಯ ಮಲಕಾಜಪ್ಪನ ಮನೆಯ ಎದುರಿನ ಕಂಬಕ್ಕೆ ಕರೆಂಟಿನವರು ಹೊಸ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಏರಿಸಿದ್ದು ಯುಗಾದಿಯ ಹಿಂದಿನ ವಾರ. ಶ್ರಾವಣ ಬರುವಷ್ಟರಲ್ಲಿ ಮಲಕಾಜಪ್ಪನ ನೆನಪು ಹೋಗಿತ್ತು. ಪೂರ್ತಿ ಹೋಗಿರಲಿಲ್ಲ ಅನ್ನಿ. ಮೂವತ್ತೈದು ವರ್ಷದ ಹಿಂದೆ ತನ್ನ ಲಗ್ನದಲ್ಲಿ ಹೆಣ್ಣಿನ ಕಡೆಯವರು ತನಗೆ ಸುತ್ತಿದ ರುಮಾಲು ಎಷ್ಟು ಅಗ್ಗದ್ದು ಎಂಬುದು ಚೊಕ್ಕಾಗಿ ನೆನಪಿತ್ತು. ಹೆಂಡತಿ ಲಕ್ಷ್ಮವ್ವನಿಗೆ ಕೊಟ್ಟ ಮಾತೊಂದೇ ಅಳಿಸಿಹೋಗಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಮನೆಗೆ ಪವರ್‌ಲೂಮು ಬಂದಾಗ ಲಕ್ಷ್ಮವ್ವನ ಕೈಮಗ್ಗ ಬಿಚ್ಚಿ ಅಟ್ಟಕ್ಕೆ ಸೇರಿಸಿದ್ದರು. ಪಡಸಾಲೆಯಲ್ಲಿ ಕಾಲಿಳಿಸಿ ಕೂತು ನೇಯುವ ಅದರ ಕುಣಿ ಮುಚ್ಚಿ ಮೇಲೆ ಮಲಕಾಜಪ್ಪನ ಮಂಚ ಬಂತು, ಟಿ.ವಿ. ಬಂತು. 'ಅರುಣನ ಲಗ್ನ ಆಗ್ಲಿ, ನಿನ್ನ ಮಗ್ಗ ಮತ್ತ ಹೂಡಸ್ತೇನಿ' ಎಂದು ಅವನು ಮಗನ ನಿಶ್ಚಯದ ದಿನ ನಾಲ್ಕು ಮಂದಿ ಬೀಗರ ಮುಂದೆಯೇ ಅಂದಿದ್ದ. ಮಗನ ಲಗ್ನ ಆಯಿತು, ಸೊಸೆ ನಂದಾ ಮನೆತುಂಬಿದಳು. ಲಕ್ಷ್ಮವ್ವ ಮಗ್ಗದ ಮಾತು ತೆಗೆದಳು.

“ನಾ ಅಂದಿದ್ನ್ಯಾ?” ಮಲಕಾಜಪ್ಪ ಹಣೆ ಹಿಡಿದುಕೊಂಡ. “ಆ ಟಿ.ಸಿ. ಮಾಡಿದ ಕೆಲಸ ನೋಡ ಇದು. ಅದರೊಳಗಿನ ಕಾಂತಶಕ್ತಿ ಸೀದಾ ಮೆದುಳಿಗೆ ಬಡೀತೈತಿ. ಮೊಬೈಲ್‌ದಾಗ ಒಬ್ಬ ವಿಜ್ಞಾನಿ ಹೇಳ್ಯಾನ. ಇಲಿಗೋಳು ಹೋಗೂ ದಾರಿನ ಮರತಾವಂತ.”

“ನೀವು ಊಟಕ್ಕ ಬರೂ ದಾರಿ ಮರತಿಲ್ಲಲ್ರಿ.”

“ಅದು ಹೊಟ್ಟಿ. ಹೊಟ್ಟಿಗೆ ಕಾಂತ ತಟ್ಟೂದಿಲ್ಲ.”

ವಾರದೊಳಗೆ ಓಣಿಯ ಗಂಡಸರಿಗೆಲ್ಲ ಈ ರೋಗ ಹತ್ತಿತು. ರಾಚಪ್ಪ ಹೆಂಡತಿಯನ್ನು ತವರಿಗೆ ಕಳಿಸುವುದನ್ನು ಮರೆತ. ಇನ್ನೊಬ್ಬ ಗಟಾರದ ಕೆಸರು ಬಳಿಯುವ ತನ್ನ ಪಾಳಿ ಮರೆತ. ಅದೇ ಓಣಿಯಲ್ಲೇ ಇದ್ದರೂ ಹೆಂಗಸರ ಮೆದುಳಿನ ತಂಟೆಗೆ ಮಾತ್ರ ಆ ಕಾಂತ ಹೋಗಲಿಲ್ಲ. ಮರ್ಯಾದಸ್ತ ಕಾಂತ.

ಲಕ್ಷ್ಮವ್ವ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅವಳ ಮಾವ ಕೊನೆಗಾಲಕ್ಕೆ ಸ್ವಂತ ಮಗನಿಗೇ 'ಯಾರಪಾ ನೀ?' ಎಂದು ಕೇಳಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ದಿನ ಮಲಕಾಜಪ್ಪ ಹಿತ್ತಲಿಗೆ ಹೋಗಿ ಅತ್ತದ್ದನ್ನೂ ಕಂಡಿದ್ದಳು. ಖರೆನೇ ಆಗಿದ್ದರೆ? ಜಮಖಂಡಿಯಲ್ಲಿ ವಿಜ್ಞಾನ ಓದಿ ಬಂದಿದ್ದ ನಂದಾಳನ್ನು ಕೇಳಿದಳು.

“ಮಾವಾರು ಆ ವಿಡಿಯೋ ಅರ್ಧಾನ ನೋಡ್ಯಾರ ಅತ್ತಿ,” ಎಂದಳು ನಂದಾ. “ಕರೆಂಟ ಹರಿಯೂ ಕಡೆ ಕಾಂತಕ್ಷೇತ್ರ ಇರೂದು ಖರೆ. ಇಲಿ ಮ್ಯಾಲೆ ಪ್ರಯೋಗ ಮಾಡಿದ್ದೂ ಖರೆ. ಕೆಲವು ದಾರಿ ಮರತಾವು, ಕೆಲವು ಮೊದಲಿಗಿಂತ ಛಲೋ ನೆನಪಿಟ್ಟಾವು. ಮನುಷ್ಯಾರ ಬಗ್ಗೆ ಇನ್ನೂ ಏನೂ ಖಾತ್ರಿ ಇಲ್ಲ. ಮಾವಾರು ಇಷ್ಟು ವರ್ಷ ಮಗ್ಗದ ಮೋಟರಿನ ಮಗ್ಗಲದಾಗ ಕುಂತಾರಲಾ, ಆವಾಗ ಏನ ಮರತಿದ್ರು?”

ಆದರೂ ಲಕ್ಷ್ಮವ್ವನ ಜೀವ ತಡೆಯಲಿಲ್ಲ. ಟಿ.ಸಿ. ದೂರ ಸರಿಸಿರೆಂದು ಅರ್ಜಿ ಬರೆಸಿಕೊಂಡು ಕರೆಂಟ್ ಆಫೀಸಿಗೆ ಹೋದಳು. ಲೈನ್‌ಮನ್ ಯಲ್ಲಾಲಿಂಗ ಅರ್ಜಿ ಓದಿ ಅವಳ ಮುಖ ನೋಡಿದ.

“ಅಕ್ಕಾರ, ಅದಕ್ಕ ಇನ್ನೂ ಕರೆಂಟೇ ಕೊಟ್ಟಿಲ್ರಿ. ಮ್ಯಾಲಿನ ವಾಯರ ಜೋಡಿಸಿಲ್ಲ. ಸದ್ಯಕ್ಕ ಅದು ಬರೇ ಕಬ್ಬಣದ ಡಬ್ಬಿ. ಕಾಗಿ ಗೂಡು ಕಟ್ಟೇತಿ, ನೋಡಿಲ್ಲೇನ್ರಿ?”

ಲಕ್ಷ್ಮವ್ವ ಅರ್ಜಿ ವಾಪಸು ಇಸಕೊಂಡಳು. ಮೊದಲು ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಆಮೇಲೆ, ಮನೆಯ ಹಾದಿಯಲ್ಲಿ, ಸಿಟ್ಟು ಏರಿತು. ಮನೆ ಮುಟ್ಟಿದಾಗ ಅವಳು ಯಾರಿಗೂ ಏನೂ ಹೇಳಲಿಲ್ಲ, ನಂದಾಳ ಹೊರತು.

ಮುಂದಿನ ಸೋಮವಾರ ಮಲಕಾಜಪ್ಪ ಜಮಖಂಡಿಗೆ ಹೋಗಿ ಬರುವಷ್ಟರಲ್ಲಿ ಅವನ ಮಂಚ ಹೊರಗೆ ಕಟ್ಟೆಯ ಮೇಲಿತ್ತು. ಪಡಸಾಲೆಯಲ್ಲಿ ಕುಣಿ ತೆಗೆದಾಗಿತ್ತು. ಬಡಿಗೇರ ಧರೆಪ್ಪ ಅಟ್ಟದಿಂದ ಇಳಿಸಿದ ಮಗ್ಗದ ಮರಗಳನ್ನು ಜೋಡಿಸುತ್ತಿದ್ದ.

“ಏನಿದು? ಯಾರ ಹೇಳಿದ್ರು?”

“ನೀವ ಹೇಳಿದ್ರಲ್ಲರಿ,” ಎಂದಳು ಲಕ್ಷ್ಮವ್ವ ಕರುಣೆಯಿಂದ. “ನಿನ್ನೆ ಚಾ ಕುಡಿಯೂ ಮುಂದ.”

“ನಾ ಹೇಳೇ ಇಲ್ಲ!”

“ಖಾತ್ರಿ ಐತೇನ್ರಿ? ಟಿ.ಸಿ. ಎದುರಿಗೇ ಐತಿ, ಮತ್ತ.”

ಮಲಕಾಜಪ್ಪ ಬಾಯಿ ತೆರೆದ. ನೆನಪು ಗಟ್ಟಿಯಿದೆ ಎಂದರೆ ಬೀಗರ ಮುಂದೆ ಕೊಟ್ಟ ಮಾತು ಕೊರಳಿಗೆ ಬೀಳುತ್ತದೆ, ಇಲ್ಲವೆಂದರೆ ಮಂಚ ಹೋಗುತ್ತದೆ. ಬಾಯಿ ಮುಚ್ಚಿದ. “ಹೇಳಿರಬೇಕು” ಎಂದ.

ಆಮೇಲೆ ಅವನು ಹೇಳಿದ್ದಕ್ಕೆ ಮಿತಿಯೇ ಉಳಿಯಲಿಲ್ಲ. ದಿನಾ ಬೆಳಿಗ್ಗೆ ನೀರು ತುಂಬುತ್ತೇನೆಂದು ಹೇಳಿದ್ದನಂತೆ. ಸಂತೆಯ ಚೀಲ ತಾನೇ ಹೊರುತ್ತೇನೆಂದು ಹೇಳಿದ್ದನಂತೆ. ನಂದಾ ಸಾಕ್ಷಿ. ಹದಿನೈದು ದಿನ ತಡೆದು, ಹದಿನಾರನೆಯ ದಿನ ಕೊಡ ನೆಲಕ್ಕೆ ಕುಕ್ಕಿದ.

“ನನ್ನ ತಲಿ ನೆಟ್ಟಗೈತಿ! ನಾ ಇದ್ಯಾವುದೂ ಹೇಳಿಲ್ಲ!”

“ಹಂಗಾರ ಬೀಗರ ಮುಂದ ಅಂದದ್ದು?”

ಅವನು ನೆಲ ನೋಡಿದ. “ಅಂದಿದ್ದೆ,” ಎಂದ. “ಮಂಚ ಹೋಕ್ಕೈತಿ ಅಂತ ಸುಮ್ಮನಾದೆ.”

“ಅಷ್ಟಕ್ಕ ನನ್ನ ಜೀವ ಹಾರಿಸಿದ್ರಿ. ನಿಮ್ಮಪ್ಪನ ಹಾದಿ ಹಿಡಿದ್ರಿ ಅಂತ ಹಗಲೆಲ್ಲ ಅಂಜೇನಿ.”

ಮಲಕಾಜಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಕೊಡ ಎತ್ತಿಕೊಂಡು ನಳದ ಕಡೆ ನಡೆದ.

ಲಕ್ಷ್ಮವ್ವ ಕುಣಿಗೆ ಇಳಿದಳು. ಮೊದಲ ದಿನಗಳಲ್ಲಿ ಎಳೆ ಹತ್ತು ಸಲ ಹರಿದಿತ್ತು, ಕಾಲು ತಪ್ಪಿತ್ತು. ಈಗ ಲಾಳಿ ತಾನಾಗಿ ಓಡುತ್ತಿತ್ತು. ದಸರೆಯ ಹೊತ್ತಿಗೆ ಮಗ್ಗದಿಂದ ಒಂದು ಸೀರೆ ಇಳಿಯಿತು, ದಾಳಿಂಬೆ ಬಣ್ಣದ್ದು. ನಂದಾಳಿಗೆ ಕೊಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ತಾನೇ ಉಟ್ಟುಕೊಂಡು ರಬಕವಿಯ ಸಂತೆಗೆ ಹೋದಳು.