ಸುಲಿದ ಕಿತ್ತಳೆ

"ಮಿಸ್, ನಮ್ಮನೆ ನೀರು ಕೆಟ್ಟೋಗಿದೆ."

ಹುಡುಗಿ ಬಾಟಲಿಯನ್ನು ಮೇಜಿನ ಮೇಲಿಟ್ಟಾಗ ವಿಜ್ಞಾನದ ಟೀಚರ್ ದೊಡ್ಡ ಪರದೆಯ ಮುಂದೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು. ಮುಂದಿನ ಪಿರಿಯಡ್ಡಿಗೆ ಮೇಲಧಿಕಾರಿಗಳು ಬರುವವರಿದ್ದರು. ತಾನೇ ಕೂತು ತಯಾರಿಸಿದ 'ತೇಲು-ಮುಳುಗು' ಆಟ ಅವರಿಗೆ ಹಿಡಿಸಿದರೆ ಅವಳ ಹಂಗಾಮಿ ಕೆಲಸ ಕಾಯಂ ಆಗುತ್ತಿತ್ತು.

"ಆಮೇಲೆ ಹೇಳಮ್ಮ."

ತರಗತಿಯವರು ಆ ಹುಡುಗಿಗೆ ಪ್ರಶ್ನೆಪತ್ರಿಕೆ ಎಂದು ಅಡ್ಡಹೆಸರು ಇಟ್ಟಿದ್ದು ಸುಮ್ಮನೆ ಅಲ್ಲ. "ನಿನ್ನೆ ಆಟ ಆಡಿಸಿದಾಗ ಪರದೇಲಿ ಸುಲಿದ ಕಿತ್ತಳೆ ತೇಲ್ತಲ್ವಾ ಮಿಸ್? ನಮ್ಮನೇಲಿ ಮುಳುಗೋಯ್ತು. ಆ ನೀರು ಕುಡೀಬೇಡ ಅಂತ ಅಮ್ಮಂಗೆ ಹೇಳಿದ್ರೆ ನಕ್ಕುಬಿಟ್ಳು. ನಾನಂತೂ ಬೆಳಗ್ಗಿಂದ ಒಂದು ಗುಟುಕೂ ಕುಡಿದಿಲ್ಲ. ನೀವೇ ನೋಡಿ ಹೇಳಿ."

ಟೀಚರ್ ಓಡಾಟ ನಿಲ್ಲಿಸಿದಳು. ಸಿಪ್ಪೆ ತೆಗೆದರೆ ತೂಕ ಕಡಿಮೆ, ತೂಕ ಕಡಿಮೆಯಾದರೆ ತೇಲದೆ ಇನ್ನೇನು ಎಂದುಕೊಂಡು ಆಟದಲ್ಲಿ ಹಾಗೇ ಬರೆದಿದ್ದಳು. ನೀರಿಗೆ ಹಾಕಿ ನೋಡುವ ಗೋಜಿಗೇ ಹೋಗಿರಲಿಲ್ಲ. ಈಗ ಸ್ಟಾಫ್ ರೂಮಿಗೆ ಓಡಿ, ತನ್ನ ಊಟದ ಚೀಲದಲ್ಲಿದ್ದ ಕಿತ್ತಳೆಯನ್ನು ಸುಲಿದು ಬಕೆಟ್ಟಿಗೆ ಹಾಕಿದಳು. ಹಣ್ಣು ನೆಟ್ಟಗೆ ತಳ ಸೇರಿತು. ಸಿಪ್ಪೆ ಮಾತ್ರ ಹಾಯಾಗಿ ತೇಲುತ್ತಿತ್ತು.

ಸುದ್ದಿ ಕೇಳಿದ ಹೆಡ್‌ಮಾಸ್ಟರು ದನಿ ತಗ್ಗಿಸಿದರು. "ನೋಡಮ್ಮ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅದನ್ನ ದಾಟಿಸಿಬಿಡು. ನಾಳೆ ತಿದ್ದಿಕೊಂಡರಾಯ್ತು. ಒಂದು ಹಣ್ಣಿಗೋಸ್ಕರ ಕೆಲಸ ಕಳ್ಕೋತೀಯಾ?"

ಅದೂ ನಿಜವೇ ಅನ್ನಿಸಿತು. ಅಧಿಕಾರಿಗಳು ಬಂದು ಕೂತರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಪರದೆಯ ಮೇಲೆ ಬೆರಳಾಡಿಸುತ್ತ ಕಲ್ಲು, ಮೇಣದಬತ್ತಿ, ಕೀಲಿಕೈಗಳನ್ನು ತೊಟ್ಟಿಗೆ ಎಳೆದು ಹಾಕಿದರು. ಸುಲಿದ ಕಿತ್ತಳೆ ತೇಲಿತು, ಹಸಿರು ಗುರುತು ಮಿನುಗಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರೂ ಪ್ರಶ್ನೆಪತ್ರಿಕೆ ತಟ್ಟಲಿಲ್ಲ. ಅವಳು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತ, ಕತ್ತಿನವರೆಗೂ ತುಂಬಿದ್ದ ಬಾಟಲಿಯನ್ನೇ ನೋಡುತ್ತಿದ್ದಳು.

ಮುಂದಿನ ಚಿತ್ರದತ್ತ ಹೋಗಿದ್ದ ಟೀಚರಿನ ಬೆರಳು ಅಲ್ಲೇ ನಿಂತಿತು. ಅವಳು ಸರಸರನೆ ಹೋಗಿ ಬಕೆಟ್ಟನ್ನೇ ಎತ್ತಿ ತಂದು, ಅಧಿಕಾರಿಗಳ ಮುಂದೆ ಕುಕ್ಕಿದಳು. ತಳದಲ್ಲಿ ಕಿತ್ತಳೆ ಕೂತಿತ್ತು. ಹೆಡ್‌ಮಾಸ್ಟರು ಕೆಮ್ಮಿದರು. ಮಕ್ಕಳು ಬೆಂಚು ಹತ್ತಿ ಇಣುಕಿದರು.

"ಮಿಸ್, ಇದು ಯಾರ ಮನೆ ನೀರು?" ಪ್ರಶ್ನೆಪತ್ರಿಕೆ ಕೇಳಿದಳು.

"ಯಾರ ಮನೇದೂ ಅಲ್ಲ. ಶಾಲೆ ನಲ್ಲೀದು."

"ಹಂಗಾದ್ರೆ ನಮ್ಮನೇದು?"

"ನಿಮ್ಮನೇದು ಚೆನ್ನಾಗೇ ಇದೆ ಕಣೇ. ನಾನು ಮಾಡಿದ ಆಟ ತಪ್ಪು."

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರದೆಯ ಮೇಲೆ ಕಿತ್ತಳೆ ಇನ್ನೂ ತೇಲುತ್ತಲೇ ಇತ್ತು. ಹುಡುಗಿ ಮೇಜಿನ ಬಳಿಗೆ ಬಂದು, ಬಾಟಲಿಯ ಮುಚ್ಚಳ ತಿರುಗಿಸಿ, ತಲೆಯೆತ್ತಿ ಗಟಗಟನೆ ಕುಡಿಯತೊಡಗಿದಳು.