ಎರಡು ಹೆಸರಿನಷ್ಟು ಹೊತ್ತು

ಹೊಳೆ ದಡದಲ್ಲಿ ನಿಂತು ವಾಕಿಟಾಕಿಯ ಗುಂಡಿ ಒತ್ತಿ ಅಸ್ಲಮ್ ಕೂಗಿದ: "ಸುಭಾಷಾ, ತೆಪ್ಪ ಬಿಡಬ್ಯಾಡ! ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ಟಾರ!"

ಗುಂಡಿ ಬಿಟ್ಟು ಕಿವಿಗೆ ಹಿಡಿದ. ಹಿಂದೆ ಮೇಡ್ಲೇರಿಯ ಮನೆಯಂಗಳದಲ್ಲಿ ತೀರಿಕೊಂಡ ಅಪ್ಪ ಇಸಾಕಸಾಬನ ಮಯ್ಯತ್‌ಗೆ ಕಫನ್ ಬಟ್ಟೆ ಸುತ್ತುತ್ತಿದ್ದರು. ಎದುರಿಗೆ ತುಂಗಭದ್ರೆ ಕೆಂಪಗೆ ಉಬ್ಬುತ್ತಿತ್ತು. ಆಚೆ ದಡದಲ್ಲಿ, ಮದುವೆಯಾಗಿ ಹೋದ ತಂಗಿ ದಿಲನಾಜ ಕೈಗೂಸಿನೊಂದಿಗೆ ಅಂಬಿಗ ಸುಭಾಷನ ತೆಪ್ಪ ಹತ್ತಲಿದ್ದಳು. ಅಲ್ಲಿ ಫೋನ್ ಹತ್ತುವುದಿಲ್ಲ.

"ಅಕಿ ಬರೂತನಾ ಮಾರಿ ಮುಚ್ಚಬ್ಯಾಡ್ರಿ," ಅಂಗಳದಿಂದ, ಬೇರೆ ಊರಿಂದ ಬಂದಿದ್ದ ಸೋದರತ್ತೆ ಗುಲಾಬಬಿಯ ಅಳು.

ಮತ್ತೆ ಒತ್ತಿದ. ಮತ್ತೆ ಕಿವಿಗೆ ಹಿಡಿದ.

ದಡದಲ್ಲಿ ಚಹಾ ಮಾರುವ ಪ್ರೇಮವ್ವ ತನ್ನ ವಾಕಿಟಾಕಿ ಹಿಡಿದು ಓಡಿಬಂದಳು. "ಏ ತಮ್ಮಾ, ಇಬ್ರೂ ಒಮ್ಮೆಲೆ ಒದರಾಕತ್ತೀರಿ! ನನಗ ಬರೇ ಕಿರ್ರ್ ಅಂತ ಕೇಳಾಕತ್ತೈತಿ."

*

ದಡದವರೆಲ್ಲರಿಗೂ ಇದ್ದದ್ದು ಒಂದೇ ಚಾನಲ್; ಇಬ್ಬರು ಒಟ್ಟಿಗೆ ಒತ್ತಿದರೆ ಯಾರ ಮಾತೂ ಕೇಳುತ್ತಿರಲಿಲ್ಲ. ಪಾಳಿ ಹಚ್ಚಲು ಯಜಮಾನನಿಲ್ಲ, ದಿನಾ ಜಗಳ. ಇಸಾಕಸಾಬನೇ ದಾರಿ ಹುಡುಕಿದ್ದ.

"ಮೊದಲು ಕಿವಿ ಕೊಡ್ರಿ. ಯಾರೂ ಇಲ್ಲಂದ್ರ ಮಾತಾಡ್ರಿ. ಡಿಕ್ಕಿ ಆತೋ, ಸುಮ್ನಾಗಿ ಮನಸಿನ್ಯಾಗ ಮನಿಮಂದಿ ಹೆಸರು ಹೇಳ್ರಿ. ಆಮ್ಯಾಲ ಒತ್ರಿ."

"ನಮ್ಮನ್ಯಾಗ ಊರಿಗೂರ ಐತಲ್ಲೋ ಸಾಬಾ! ನನ್ನ ಪಾಳಿ ಬರೂದ್ರಾಗ ಹೊಳಿ ಬತ್ತತೈತಿ," ಎಂದಿದ್ದಳು ಪ್ರೇಮವ್ವ.

ಒಂಟಿ ಸುಭಾಷನದು ಒಂದೇ ಹೆಸರು, ಅವನು ಮೊದಲು. ಆಮೇಲೆ ಇಸಾಕಸಾಬನ ಮನೆ: ಅಪ್ಪ, ಮಗ. ಒಬ್ಬರ ಮನೆಯಲ್ಲಿದ್ದಷ್ಟೇ ಮಂದಿ ಇನ್ನೊಬ್ಬರ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಮತ್ತೆ ಡಿಕ್ಕಿಯಾಗುತ್ತಿರಲಿಲ್ಲ.

*

"ಹೆಸರು ಹೇಳಿದ್ಯೋ ಇಲ್ಲೋ?" ಪ್ರೇಮವ್ವ ಕೇಳಿದಳು.

"ಹೇಳೀನಿ ಅವ್ವಾ."

"ಯಾರ್ಯಾರವು?"

"ನಂದೊಂದ." ಅಸ್ಲಮ್ ಮನೆಯಂಗಳದ ಕಡೆ ತಿರುಗಿದ. "ಇನ್ಯಾರದಾರ?"

ಪ್ರೇಮವ್ವ ಅವನ ರಟ್ಟೆ ಹಿಡಿದಳು. "ಹುಚ್ಚಪ್ಪಾ, ಸುಭಾಷಂದೂ ಒಂದ ಅಲ್ಲೇನು, ಅದಕ್ಕ ಡಿಕ್ಕಿ! ನಿಮ್ಮಪ್ಪ ಇನ್ನೂ ಮನ್ಯಾಗ ಅದಾನ. ಅವನ್ನ ಯಾಕ ಬಿಟ್ಟಿ?"

ಮರದ ದಿಮ್ಮಿಯೊಂದು ಗಿರಗಿರನೆ ತಿರುಗುತ್ತಾ ಹೊಳೆಯಲ್ಲಿ ಹೋಯಿತು. ಆಚೆ ದಡದಲ್ಲಿ ತೆಪ್ಪ ಅಲುಗಿದಂತೆ ಕಂಡಿತು. ಆದರೂ ಅವನು ಒತ್ತಲಿಲ್ಲ.

ಅಸ್ಲಮ್. ಇಸಾಕಸಾಬ.

ಎರಡನೆಯ ಹೆಸರು ಮುಗಿಯುವ ಮೊದಲೇ ಸುಭಾಷನ ದನಿ ಬಂತು: "ದಿಲನಾಜ ಕುಂತಾಳ. ಮಣ್ಣಿಗೆ ಹೊತ್ತಾಗತೈತಿ. ಯಾರೂ ಮಾತಾಡ್ಲಿಲ್ಲಂದ್ರ ಬಿಟ್ಟೆ ನೋಡ್ರಿ!"

"ಬಿಡಬ್ಯಾಡ! ಇಳಸು! ನೀರು ಬಂದೈತಿ!"

ಪ್ರೇಮವ್ವ ತನ್ನ ವಾಕಿಟಾಕಿಯನ್ನೂ ಕಿವಿಗೆ ಹಿಡಿದಳು.

"ಇಳಿಸೀನಿ." ಆ ದನಿಯ ಹಿಂದೆ ಕೂಸು ಅಳುತ್ತಿತ್ತು.

*

ದಿಲನಾಜ ಅಪ್ಪನ ಮುಖ ನೋಡಲಿಲ್ಲ. ಮಣ್ಣು ಕೊಟ್ಟು ಬಂದ ಅಸ್ಲಮ್ ದಡದಲ್ಲಿ ಪ್ರೇಮವ್ವನ ಪಕ್ಕ ಕುಳಿತ. ಘಾಟಿನ ಮೆಟ್ಟಿಲುಗಳು ನೀರಲ್ಲಿ ಮುಳುಗಿ ಕಾಣುತ್ತಿರಲಿಲ್ಲ. ಗುಂಡಿ ಒತ್ತಿ, "ತಂಗೀ," ಎಂದ.

ಪ್ರೇಮವ್ವನ ಕೈಯಲ್ಲಿದ್ದ ವಾಕಿಟಾಕಿ ಕಿರ್ರ್ ಎಂದಿತು. ಆಚೆ ದಡದಲ್ಲಿ ದಿಲನಾಜಳೂ ಸುಭಾಷನ ವಾಕಿಟಾಕಿ ಒತ್ತಿದ್ದಳು.

ಅಸ್ಲಮ್ ಬೆರಳು ತೆಗೆದ. ಅವನ ತುಟಿಗಳು ಎರಡು ಸಲ ಅಲುಗಿದವು.