ಮುಂದಾಳಿನ ಕೊಂಬು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಊರಿಗೆಲ್ಲ ಗೊತ್ತಿರುವ ಮಾತು. ಆ ಆಗಸ್ಟಿನಲ್ಲಿ ನಾನು ಮಾಡಿದ್ದನ್ನು ಸಿಟ್ಟಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದು ಸಿಟ್ಟಲ್ಲ, ಭಯ. ಅವ್ವ ಸಾಯುತ್ತಿದ್ದಳು.

ಹತ್ತು ದಿನದಿಂದ ಅವಳ ಗಂಟಲಲ್ಲಿ ಚಹಾ ಬಿಟ್ಟು ಏನೂ ಇಳಿದಿರಲಿಲ್ಲ. ಮೀನಿನ ಸಾರು ಕೊಟ್ಟರೆ ಮುಖ ತಿರುಗಿಸುವಳು. ಒಂದು ಬೆಳಿಗ್ಗೆ ತಾನಾಗಿಯೇ ಕೇಳಿದಳು, ಎಳೆಗೊಂಬು ತಿನ್ನಬೇಕು ಅಂತ. ನಮ್ಮ ಉತ್ತರದ ಹಿಮನಾಡಿನ ಜಿಂಕೆಗಳಾದ ಕ್ಯಾರಿಬೂಗಳ ಕೊಂಬು ಬೆಳೆಯುವಾಗ ಮೇಲೆ ಮಖಮಲ್ಲಿನಂಥ ತೊಗಲಿರುತ್ತದೆ. ಅದರ ರೋಮವನ್ನು ಬೆಂಕಿಯಲ್ಲಿ ಸುಟ್ಟು, ಕೆರೆದು, ತುದಿಯನ್ನು ಅಗಿಯುವುದೆಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ. ಆದರೆ ತಿಂಗಳು ಮುಗಿಯುತ್ತ ಬಂದಿತ್ತು. ದೊಡ್ಡ ಗಂಡುಗಳು ಆಗಲೇ ಪೊದೆಗಳಿಗೆ ಕೊಂಬು ತಿಕ್ಕಿ ತೊಗಲು ಹರಿದುಕೊಳ್ಳುತ್ತಿದ್ದವು. ಇನ್ನು ಸ್ವಲ್ಪ ದಿನ ಹೋದರೆ ಬರೀ ಮೂಳೆ. ಅವ್ವನಿಗೋ ಒಂದು ವಾರ ಉಳಿದಿತ್ತೋ ಇಲ್ಲವೋ.

ಅಣ್ಣ ಎನೋಕನೂ ನಾನೂ ದೋಣಿ ಹತ್ತಿ ಪೋರ್ಕ್ಯುಪೈನ್ ನದಿಯ ಮೇಲಿನ ತಿರುವಿಗೆ ಹೋಗಿ ಎರಡು ದಿನ ಕಾದೆವು. ಮೂರನೆಯ ದಿನ ಎದುರು ದಡದಲ್ಲಿ ಏಳೆಂಟು ಕಾಣಿಸಿಕೊಂಡವು. ಎಲ್ಲಕ್ಕಿಂತ ಮುಂದೆ ಒಂದು ಮುದಿ ಹೆಣ್ಣು. ಕ್ಯಾರಿಬೂಗಳಲ್ಲಿ ಹೆಣ್ಣಿಗೂ ಕೊಂಬುಂಟು, ಸಣ್ಣದು. ಅದರ ಕೊಂಬಿನ ತೊಗಲು ಇನ್ನೂ ಹಾಗೇ ಇತ್ತು. ನೀರು ಮೂಸಿ ನೋಡಿ ಕಾಲಿಟ್ಟಿತು.

ಮೊದಲು ಬಂದವನ್ನು ನಾವು ಮುಟ್ಟುವುದಿಲ್ಲ. ಅವು ದಾರಿ ಮಾಡಿಕೊಡುವ ಮುಂದಾಳುಗಳು. ಹಿಂದಿನ ಹಿಂಡು ಅವುಗಳ ಜಾಡು ಹಿಡಿದೇ ಬರುತ್ತದೆ. ಅವನ್ನು ಹೊಡೆದರೆ ಹಿಂಡು ಬೇರೆ ಕಡೆ ತಿರುಗಿಬಿಡುತ್ತದೆ, ಚಳಿಗಾಲವಿಡೀ ಊರಿಗೆ ಮಾಂಸವಿಲ್ಲ. ಅಣ್ಣ ಪಿಸುಗುಟ್ಟಿದ, ಇನ್ನೊಂದು ದಿನ ತಡಿ ಅಂತ. ಆ ಒಂದು ದಿನ ಅವ್ವನ ಹತ್ತಿರ ಇದೆಯಾ ಅಂತ ಕೇಳಿದೆ.

"ಮೊದಲಿನವನ್ನ ಬಿಡ್ಬೇಕು ಅಂತ ನಮಗೆ ಕಲಿಸಿದೋಳೇ ಅವ್ವ," ಅಂದ. "ಬಂದೂಕು ಕೆಳಗಿಡು."

ನಾನು ಹೊಡೆದೆ. ಮಿಕ್ಕವು ಬಂದ ದಾರಿಯಲ್ಲೇ ವಾಪಸು ಓಡಿದವು. ಎನೋಕ ಬೈಯಲೂ ಇಲ್ಲ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಯ ಮುಂದೆ ಬೆಂಕಿ ಹಾಕಿದೆ. ಸುಟ್ಟ ರೋಮದ ವಾಸನೆಗೆ ಅವ್ವ ಎದ್ದು ಕೂತಳು. ಕಣ್ಣು ಮಂಜಾಗಿತ್ತು, ಹಾಗಾಗಿ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ಬುಡದಿಂದ ತುದಿಯವರೆಗೆ ಬೆರಳಾಡಿಸಿದಳು. ಅವಳು ಕೇಳುವ ಮೊದಲೇ ನಾನು ಅಂದೆ, ಎಳೆಯ ಗಂಡು ಸಿಕ್ಕಿತು ಅಂತ. ಅವಳ ಬೆರಳು ಮತ್ತೊಮ್ಮೆ ಬುಡಕ್ಕೆ ಹೋಯಿತು.

"ಇದಕ್ಕೆ ಮುಂಚೆ ಎಷ್ಟು ದಾಟಿದ್ವು?"

"ಐವತ್ತರ ಮೇಲೇ ಇತ್ತು ಅವ್ವ."

ಎನೋಕ ಎದ್ದು ಹೊರಗೆ ಹೋದ. ಅವ್ವ ತಿಂದಳು. ನಿಧಾನವಾಗಿ, ಎರಡು ತುದಿ. ಬಾಯಿ ಒರೆಸಿಕೊಂಡು ಸಾಕು ಮಗಳೇ, ಚೆನ್ನಾಗಿದೆ ಅಂದಳು. ನನಗೆ ಸಂತೋಷಕ್ಕೆ ಅಳು ಬಂತು. ಸುಳ್ಳು ಹೇಳಿದ್ದು ನಿಜ, ಆದರೆ ಆಗ ಅದು ಒಂದಿಷ್ಟೂ ಚುಚ್ಚಲಿಲ್ಲ.

ಅದಾದ ನಾಲ್ಕನೆಯ ದಿನ ಅವ್ವ ಹೋದಳು. ಅಷ್ಟರಲ್ಲಿ ನದಿಗೆ ಹೋಗಿದ್ದವರೆಲ್ಲ ಖಾಲಿ ದೋಣಿಯಲ್ಲಿ ಮರಳುತ್ತಿದ್ದರು. ಹಿಂಡು ಎಲ್ಲೋ ಮೇಲೆ, ನಮ್ಮ ಕೈಗೆ ಸಿಗದಷ್ಟು ದೂರದಲ್ಲಿ ನದಿ ದಾಟಿತ್ತು. ಅದಕ್ಕೆ ನಾನೇ ಕಾರಣ ಅಂತ ಯಾರೂ ಅನ್ನಲಿಲ್ಲ. ಮಣ್ಣು ಮಾಡಿದ ಮೇಲೆ ಊಟಕ್ಕೆ ಪ್ರತಿ ಮನೆಯವರೂ ಹೋದ ವರ್ಷದ ಒಣಮಾಂಸವನ್ನು ಇದ್ದಷ್ಟೂ ತಂದಿಟ್ಟರು. ನಾನು ತಟ್ಟೆ ಮುಟ್ಟಲಿಲ್ಲ. ಎದ್ದು ನಿಂತು ಎಲ್ಲರೆದುರು ಹೇಳಿಬಿಟ್ಟೆ, ಮುಂದಾಳನ್ನು ಹೊಡೆದವಳು ನಾನು, ಸಾಯುವ ಅವ್ವನಿಗೂ ಸುಳ್ಳು ಹೇಳಿದೆ ಅಂತ.

ಕೊನೆಯ ದಿನಗಳಲ್ಲಿ ಅವ್ವನ ಪಕ್ಕ ಕೂತಿದ್ದ ಎಫಿ ದೊಡ್ಡಮ್ಮ ನನ್ನ ಕೈ ಹಿಡಿದೆಳೆದು ಕೂರಿಸಿದಳು.

"ನಿಮ್ಮವ್ವಂಗೆ ಗೊತ್ತಿತ್ತು ಕಣೇ. ಮುದಿ ಹೆಣ್ಣಿನ ಕೊಂಬು ಅಂತ ಮುಟ್ಟಿದ ಕೂಡ್ಲೇ ಗೊತ್ತಾಯ್ತಂತೆ. ಎಲ್ಲಕ್ಕಿಂತ ಮುಂದೆ ಬರೋದು ಅದೇ ತಾನೇ."

ಮತ್ತೆ ಯಾಕೆ ತಿಂದಳು ಅಂತ ಕೇಳಿದೆ.

"ನಾನೂ ಕೇಳ್ದೆ. ತಾನು ಬೇಡ ಅಂದಿದ್ರೆ ತಪ್ಪೆಲ್ಲ ನಿನ್ನೊಬ್ಬಳ ಮೇಲೇ ಉಳೀತಿತ್ತು, ತಿಂದ್ರೆ ಇಬ್ಬರದ್ದೂ ಆಗುತ್ತೆ ಅಂದ್ಲು."

ದೊಡ್ಡಮ್ಮ ತನ್ನ ತಟ್ಟೆಯ ಮಾಂಸದ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದಳು. ಅಳುತ್ತಲೇ ಅಗಿದು ನುಂಗಿದೆ.